ಮೊಬೈಲ್ ಕ್ಯಾಮೆರಾ ಇರುವಾಗ ಹೂವಿನ ಚಿತ್ರ ಕೈಯಲ್ಲಿ ಯಾಕೆ ಬಿಡಿಸಬೇಕು?

ತುಂಬೆಹೂ

ಮಗಳು ಈ ವರ್ಷ ಪಿಯುಸಿ ಸೈನ್ಸ್. ಮೊನ್ನೆ ರಾತ್ರಿ ಹತ್ತೂವರೆಗೆ ಬಯಾಲಜಿ ರೆಕಾರ್ಡ್ ಮುಂದಿಟ್ಟುಕೊಂಡು ಮುಖ ಊದಿಸಿಕೊಂಡು ಕೂತಿದ್ದಳು. ದಾಸವಾಳವನ್ನು ಉದ್ದಕ್ಕೆ ಸೀಳಿ ಚಿತ್ರ ಬಿಡಿಸಬೇಕಂತೆ. "ಫೋಟೋ ತೆಗೆದು ಪ್ರಿಂಟ್ ಹಾಕಿಸಿ ಅಂಟಿಸಿದ್ರೆ ಏನಾಗತ್ತೆ? ನಾನು ಬಿಡಿಸೋದಕ್ಕಿಂತ ಅದೇ ಸರಿಯಾಗಿರತ್ತೆ ಅಲ್ವಾ?" ಅಂದಳು. "ಎಲ್ಲರೂ ಬಿಡಿಸ್ತಾರೆ, ನೀನೂ ಬಿಡಿಸು" ಅಂದೆ. ಅದು ಉತ್ತರ ಅಲ್ಲ ಅಂತ ನನಗೂ ಗೊತ್ತು.

ನನಗೂ ಒಂದು ಹಳೇ ಗಾಯ ಇದೆ. ನಾನು ಪಿಯುಸಿ ಓದುವಾಗ ಈರುಳ್ಳಿ ಬೇರಿನ ತುದಿಯ ಸ್ಲೈಡ್ ಕೊಟ್ಟು, ಒಂದು ಕೋಶ ಎರಡಾಗುವುದನ್ನು ನೋಡಿ ಬಿಡಿಸಿ ಅಂದಿದ್ದರು. ನನಗೆ ಕಂಡದ್ದು ಇಟ್ಟಿಗೆ ಜೋಡಿಸಿದ ಹಾಗೆ ಗುಲಾಬಿ ಬಣ್ಣದ ಕೋಶಗಳು, ಒಳಗೊಂದು ಉಂಡೆ. ಎಲ್ಲೋ ಒಂದೇ ಕಡೆ ದಾರ ಗಂಟುಬಿದ್ದ ಹಾಗೆ ಏನೋ ಇತ್ತು. ಅದನ್ನೇ ಬಿಡಿಸಿದೆ. ಅದರ ಮೇಲೆ ಕೆಂಪು ಇಂಕಿನಲ್ಲಿ ಅಡ್ಡಗೆರೆ ಬಿತ್ತು. "ಪುಸ್ತಕ ನೋಡಿ ಬಿಡಿಸು" ಅಂತ ಷರಾ. ಪಕ್ಕದ ಹುಡುಗಿ ಮೈಕ್ರೋಸ್ಕೋಪಿಗೆ ಕಣ್ಣೇ ಇಟ್ಟಿರಲಿಲ್ಲ. ಅವಳಿಗೆ ಗುಡ್.

ಹಾಗಾದರೆ ಈ ಚಿತ್ರಗಳಿಂದ ವಿಜ್ಞಾನಕ್ಕೆ ನಿಜವಾಗಿ ಏನಾದರೂ ಉಪಯೋಗ ಇದೆಯಾ? ಅಥವಾ ಬರೀ ಹಳೇ ಪದ್ಧತಿಯಾ? ಗೊತ್ತಿರುವವರು ಹೇಳಿ.

ಸುಮ್ನೆಓದುಗ

ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಪದ್ಧತಿ ಅಷ್ಟೇ. ಕ್ಯಾಮೆರಾ ಇಲ್ಲದ ಕಾಲದಲ್ಲಿ ಬೇಕಿತ್ತು, ಬಿಡಿಸಿದರು. ಈಗ ಬೇಕಾಗಿಲ್ಲ. ಹಳೇ ಚಿತ್ರಗಳು ಚೆನ್ನಾಗಿವೆ, ಫ್ರೇಮ್ ಹಾಕಿಸಿ ಗೋಡೆಗೆ ತಗುಲಿಸಬಹುದು. ಅದನ್ನು ವಿಜ್ಞಾನ ಅಂತ ಯಾಕೆ ಕರೀಬೇಕು?

ಕಾಡುಸಂಪಿಗೆ

ನಾನು ಪಶ್ಚಿಮ ಘಟ್ಟದ ಗಿಡಗಳ ಮೇಲೆ ಕೆಲಸ ಮಾಡ್ತೀನಿ. ದಿನಾ ಫೋಟೋ ತೆಗೀತೀನಿ, ದಿನಾ ಚಿತ್ರಾನೂ ನೋಡ್ತೀನಿ. ಎರಡೂ ಬೇಕು. ಯಾಕೆ ಅಂತ ಒಂದು ಗಿಡ ಹಿಡಿದು ಹೇಳ್ತೀನಿ.

ಕರ್ಣಕುಂಡಲ ಗೊತ್ತಲ್ವಾ? ಮಳೆಗಾಲದಲ್ಲಿ ಘಟ್ಟದ ರಸ್ತೆ ಬದಿ ಗುಲಾಬಿ ಬಣ್ಣದಲ್ಲಿ ನೀರು ತೊಟ್ಟಿಕ್ಕಿಸುತ್ತಾ ನಿಂತಿರುತ್ತದೆ. ಈ ಗುಂಪಿನಲ್ಲಿ ನಮ್ಮ ಘಟ್ಟದಲ್ಲಿ ಬಹಳ ಜಾತಿಗಳಿವೆ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇರುವುದು ಹೂವಿನ ಹಿಂದಿನ ಬಾಲದ ಬಾಗು, ರೆಕ್ಕೆಯಂಥ ದಳದ ಸೀಳು, ಇಂಥ ಸಣ್ಣಸಣ್ಣ ಕಡೆ. ಆ ಹೂವಿನ ಮೈ ತುಂಬಾ ನೀರು. ಕಾಗದದ ನಡುವೆ ಒತ್ತಿ ಒಣಗಿಸಿದರೆ ಉಳಿಯುವುದು ಟೀ ಚೆಲ್ಲಿದ ಹಾಗೆ ಒಂದು ಕಂದು ಕಲೆ. ನೂರು ವರ್ಷದ ಹಳೇ ಹಾಳೆ ತೆಗೆದರೆ ಎಲೆ ಇರುತ್ತೆ, ಕಾಂಡ ಇರುತ್ತೆ, ಹೂವಿನ ಜಾಗದಲ್ಲಿ ಕಲೆ.

ಹಾಗಾದರೆ ಫೋಟೋ ಸಾಕಲ್ವಾ ಅಂತೀರಿ. ಫೋಟೋದಲ್ಲಿ ಸಿಗುವುದು ಒಂದು ಹೂವು, ಒಂದು ಕ್ಷಣ, ಒಂದು ಬೆಳಕು. ಆ ಹೂವಿನ ಒಂದು ದಳವನ್ನು ಹುಳ ತಿಂದಿರಬಹುದು. ಬಾಲ ಎಲೆಯ ಹಿಂದೆ ಅಡಗಿರಬಹುದು. ಬಿಡಿಸುವವರು ಹತ್ತು ಹೂವು ಬಿಚ್ಚಿ ನೋಡಿ, ಹುಳ ತಿಂದದ್ದನ್ನು ಬಿಟ್ಟು, ಎಲ್ಲದರಲ್ಲೂ ಇರುವುದನ್ನು ಒಂದು ಹಾಳೆಗೆ ತರುತ್ತಾರೆ. ಮೊಗ್ಗು, ಹೂವು, ಕಾಯಿ, ಸಿಡಿದ ಕಾಯಿ, ಬೀಜ, ಎಲ್ಲ ಪಕ್ಕಪಕ್ಕ. ಗಿಡದ ಮೇಲೆ ಇವೆಲ್ಲ ಹೀಗೆ ಸಾಲಾಗಿ ಒಟ್ಟಿಗೆ ಸಿಗುವುದಿಲ್ಲ.

ಇನ್ನೊಂದು ಮಾತು. ಗಿಡಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮದಲ್ಲಿ 1908ಕ್ಕಿಂತ ಮುಂಚಿನ ಹೆಸರುಗಳಿಗೆ ಒಂದು ವಿನಾಯಿತಿ ಇದೆ. ಹೂವಿನ ಭಾಗಗಳನ್ನು ಬಿಡಿಸಿ ತೋರಿಸಿದ ಚಿತ್ರ ಇದ್ದರೆ, ವಿವರಣೆ ಬರೆಯದಿದ್ದರೂ ನಡೆಯುತ್ತೆ. ಚಿತ್ರವೇ ದಾಖಲೆ. ಗೋಡೆಗೆ ತಗುಲಿಸುವ ವಸ್ತುವಿಗೆ ಇಷ್ಟು ಮರ್ಯಾದೆ ಯಾರೂ ಕೊಡಲ್ಲ.

ಹಳೇಪೆನ್ಸಿಲ್

ತುಂಬೆಹೂ ಅವರೇ, "ಪುಸ್ತಕ ನೋಡಿ ಬಿಡಿಸು" ಅನ್ನುವ ರೋಗ ನಿಮ್ಮ ಕಾಲೇಜಿನಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಐನೂರು ವರ್ಷದ ಇತಿಹಾಸ ಇದೆ. ಅದರಲ್ಲಿ ಗೋವಾನೂ ಬರುತ್ತೆ, ಕೇಳಿ.

ಗುಜರಾತಿನ ಸುಲ್ತಾನ ಎರಡನೇ ಮುಜಫರ್ ಷಾ ಒಂದು ಘೇಂಡಾಮೃಗವನ್ನು ಪೋರ್ಚುಗೀಸರಿಗೆ ಉಡುಗೊರೆ ಕೊಟ್ಟ. ಗೋವಾದಲ್ಲಿದ್ದ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಅದನ್ನು ಹಡಗು ಹತ್ತಿಸಿ ತನ್ನ ರಾಜನಿಗೆ ಕಳಿಸಿದ. 1515ರ ಮೇ 20ರಂದು ಅದು ಲಿಸ್ಬನ್‌ನಲ್ಲಿ ಇಳಿಯಿತು. ರೋಮನ್ನರ ಕಾಲದ ನಂತರ ಯುರೋಪಿನವರು ಘೇಂಡಾಮೃಗದ ಮುಖ ನೋಡಿರಲಿಲ್ಲ. ಊರೆಲ್ಲ ಸುದ್ದಿ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿದ್ದ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್‌ಗೆ ಒಂದು ಪತ್ರದ ಜೊತೆ ಒಂದು ಗೀಚು ಚಿತ್ರ ಸಿಕ್ಕಿತು. ಅಷ್ಟರ ಮೇಲೆ ಅವನು ಮರದಚ್ಚಿಗೆ ಚಿತ್ರ ಬಿಡಿಸಿದ. ಪ್ರಾಣಿಯನ್ನು ಅವನು ಕಣ್ಣಾರೆ ನೋಡಲೇ ಇಲ್ಲ.

ಚಿತ್ರ ನೋಡಿದರೆ ಮೈಯೆಲ್ಲ ಯುದ್ಧದ ಕವಚ ತೊಡಿಸಿದ ಹಾಗಿದೆ. ಕಾಲಿಗೆ ಹುರುಪೆ. ಹೆಗಲ ಮೇಲೆ ಒಂದು ಪುಟ್ಟ ತಿರುಚಿದ ಕೊಂಬು! ನಮ್ಮ ಘೇಂಡಾಮೃಗಕ್ಕೆ ಇರುವುದೇ ಒಂದು ಕೊಂಬು, ಅದೂ ಮೂಗಿನ ಮೇಲೆ. ಆದರೆ ಗೆರೆ ಎಷ್ಟು ಗಟ್ಟಿಯಾಗಿತ್ತು ಅಂದರೆ ಜನ ನಂಬಿಬಿಟ್ಟರು. ಪ್ರಾಣಿಶಾಸ್ತ್ರದ ಪುಸ್ತಕಗಳು ಒಂದನ್ನು ನೋಡಿ ಒಂದು ಅದನ್ನೇ ನಕಲು ಮಾಡಿದವು. ಇಲ್ಲದ ಕೊಂಬು ಇನ್ನೂರು ವರ್ಷಕ್ಕೂ ಮಿಕ್ಕಿ ಬದುಕಿತು. 1741ರಲ್ಲಿ ಕ್ಲಾರಾ ಅನ್ನುವ ಹೆಣ್ಣು ಘೇಂಡಾಮೃಗ ಭಾರತದಿಂದ ಹಾಲೆಂಡಿಗೆ ಹೋಗಿ, 1758ರಲ್ಲಿ ಸಾಯುವವರೆಗೆ ಊರೂರು ಸುತ್ತಿದಾಗ ಚಿತ್ರಗಾರರು ಎದುರಿಗೆ ನಿಂತು ಬಿಡಿಸಿದರು. ಆಮೇಲೇ ಆ ಹಳೇ ಕೊಂಬು ಮೆಲ್ಲಗೆ ಉದುರಿದ್ದು.

ಡ್ಯೂರರ್‌ನನ್ನು ನಾನು ಬೈಯಲ್ಲ. ಅದೇ ಕೈ 1503ರಲ್ಲಿ ಒಂದು ಹುಲ್ಲಿನ ಹೆಂಟೆಯನ್ನು ಎದುರಿಗಿಟ್ಟುಕೊಂಡು ಬಿಡಿಸಿದ್ದನ್ನು ನೋಡಿ. ಇವತ್ತಿಗೂ ಅದರಲ್ಲಿ ಯಾವ ಗಿಡ ಯಾವುದು ಅಂತ ಬೆರಳಿಟ್ಟು ತೋರಿಸಬಹುದು. ಪಾಪದ ಲಿಸ್ಬನ್ ಘೇಂಡಾಮೃಗದ ಗತಿ ಮಾತ್ರ ಕೇಳಬೇಡಿ. ಪೋಪ್‌ಗೆ ಉಡುಗೊರೆ ಅಂತ ಮತ್ತೆ ಹಡಗು ಹತ್ತಿಸಿದರು, 1516ರಲ್ಲಿ ಇಟಲಿ ತೀರದ ಹತ್ತಿರ ಹಡಗು ಮುಳುಗಿ ಹೋಯಿತು.

ತುಂಬೆಹೂ

ಅಯ್ಯೋ! ಹಾಗಾದರೆ ನನ್ನ ಪಕ್ಕದ ಹುಡುಗಿ ಡ್ಯೂರರ್ ಪರಂಪರೆಯವಳು. ಸಮಾಧಾನ ಆಯ್ತು.

ಚಿಟ್ಟೆಬಲೆ

ಇದರ ಉಲ್ಟಾ ಕಥೆ ನಾನು ಹೇಳ್ತೀನಿ. ಕಣ್ಣಾರೆ ನೋಡಿ ಬಿಡಿಸಿದರೂ ಯಾರೂ ನಂಬಲಿಲ್ಲ. ಬಿಡಿಸಿದವಳು ಹೆಂಗಸು.

ಮರಿಯಾ ಸಿಬಿಲ್ಲಾ ಮೇರಿಯನ್ ಹುಟ್ಟಿದ್ದು 1647ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ. ಹದಿಮೂರನೇ ವಯಸ್ಸಿಗೆ ರೇಷ್ಮೆಹುಳ ಸಾಕಲು ಶುರು ಮಾಡಿದಳು. ಮೊಟ್ಟೆ, ಹುಳ, ಗೂಡು, ಚಿಟ್ಟೆ. ಶಿಡ್ಲಘಟ್ಟ, ರಾಮನಗರದ ಮಕ್ಕಳಿಗೆ ಇದರಲ್ಲಿ ಏನೂ ಹೊಸದಿಲ್ಲ. ಆದರೆ ಆಗಿನ ಯುರೋಪಿನಲ್ಲಿ ಹುಳಗಳು ಕೆಸರಿನಿಂದ, ಕೊಳೆತ ಮಾಂಸದಿಂದ ತಾವೇ ಹುಟ್ಟುತ್ತವೆ ಅಂತ ನಂಬಿದ್ದ ಓದಿದವರೇ ಬಹಳ ಇದ್ದರು. ಇವಳು ಮನೆಯಲ್ಲಿ ಡಬ್ಬಿಗಳಲ್ಲಿ ಹುಳ ಸಾಕಿ, ಯಾವುದು ಯಾವ ಎಲೆ ತಿನ್ನುತ್ತೆ, ಯಾವಾಗ ಗೂಡು ಕಟ್ಟುತ್ತೆ ಅಂತ ಬರೆದಿಟ್ಟಳು.

1699ರಲ್ಲಿ, 52ನೇ ವಯಸ್ಸಿನಲ್ಲಿ, ಕಿರಿಯ ಮಗಳನ್ನು ಕರೆದುಕೊಂಡು ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹಡಗು ಹತ್ತಿದಳು. ಎರಡು ವರ್ಷ ಕಾಡು, ತೋಟ ಸುತ್ತಿದಳು. ಮೈ ಹದಗೆಟ್ಟು 1701ರಲ್ಲಿ ವಾಪಸ್ ಬಂದಳು. 1705ರಲ್ಲಿ 60 ಚಿತ್ರಗಳ ಪುಸ್ತಕ ತಂದಳು. ಅವಳ ಹೊಸತನ ಏನು ಅಂದರೆ, ಹುಳವನ್ನು ಸೂಜಿಗೆ ಚುಚ್ಚಿ ಬಿಳಿ ಹಾಳೆಯ ಮಧ್ಯೆ ಇಡಲಿಲ್ಲ. ಅದು ತಿನ್ನುವ ಗಿಡದ ಮೇಲೇ ಇಟ್ಟಳು. ಎಲೆಯಲ್ಲಿ ತೂತು, ತೂತಿನ ಅಂಚಿನಲ್ಲಿ ಹುಳ, ಕಾಂಡದ ಮೇಲೆ ಗೂಡು, ಮೇಲೆ ಹಾರುವ ಚಿಟ್ಟೆ. ಒಂದು ಬದುಕಿನ ಕಥೆ ಪೂರ್ತಿ ಒಂದೇ ಹಾಳೆಯಲ್ಲಿ.

18ನೇ ಚಿತ್ರ ನೋಡಿ. ಸೀಬೆ ಕೊಂಬೆ. ಎಲೆ ಕತ್ತರಿಸುವ ಇರುವೆಗಳು ಸಾಲು ಕಟ್ಟಿವೆ, ಮೈಗೆ ಮೈ ಜೋಡಿಸಿ ಸೇತುವೆ ಮಾಡಿವೆ. ಕೆಳಗೆ ಅಂಗೈಯಗಲದ ಜೇಡ ಒಂದು ಪುಟ್ಟ ಹಕ್ಕಿಯನ್ನು ಅಂಗಾತ ಕೆಡವಿ ತಿನ್ನುತ್ತಿದೆ. 19ನೇ ಶತಮಾನದ ಗಂಡಸು ವಿಜ್ಞಾನಿಗಳು ಇದನ್ನು ನೋಡಿ ನಕ್ಕರು. ಜೇಡ ಹಕ್ಕಿ ತಿನ್ನುತ್ತಾ? ಕಟ್ಟುಕಥೆ ಅಂದರು. ಇಂಗ್ಲೆಂಡಿನ ಪ್ರಕೃತಿತಜ್ಞ ಹೆನ್ರಿ ಬೇಟ್ಸ್ ಅಮೆಜಾನ್‌ನಿಂದ ಬಂದು, ದೊಡ್ಡ ಜೇಡದ ಬಲೆಯಲ್ಲಿ ಎರಡು ಪುಟ್ಟ ಹಕ್ಕಿ ಸಿಕ್ಕಿದ್ದನ್ನು ತಾನೇ ನೋಡಿದ್ದಾಗಿ 1863ರಲ್ಲಿ ಬರೆದ. ಅಲ್ಲಿಗೆ ನಗು ನಿಂತಿತು.

ಆದರೆ ಅವಳೂ ಒಂದು ಕಡೆ ತಪ್ಪಿದ್ದಾಳೆ. ಅದೇ ಚಿತ್ರದಲ್ಲಿ ಹಮ್ಮಿಂಗ್‌ಬರ್ಡ್ ಗೂಡಿನಲ್ಲಿ ನಾಲ್ಕು ಮೊಟ್ಟೆ ಇಟ್ಟಿದ್ದಾಳೆ. ಆ ಹಕ್ಕಿ ಇಡುವುದು ಎರಡೇ. ಗೂಡು ಬರಿದಾಗಿ ಕಾಣುತ್ತೆ ಅಂತ ತುಂಬಿಸಿದಳೋ ಏನೋ. ನನಗೆ ಈ ತಪ್ಪಿನಿಂದಲೇ ಅವಳು ಇನ್ನೂ ಹತ್ತಿರದವಳು ಅನಿಸುತ್ತಾಳೆ.

ಪಡುಗಡಲು

ಅಚ್ಚಿನ ಕೆಲಸದ ಮನೆಯವನು ನಾನು, ಅದಕ್ಕೇ ಬಾಯಿ ಹಾಕ್ತಿದ್ದೀನಿ. ಬಿಡಿಸಿದವರ ಬಗ್ಗೆ ಎಲ್ಲರೂ ಮಾತಾಡ್ತಾರೆ, ಅಚ್ಚು ಹಾಕಿದವರ ಬಗ್ಗೆ ಯಾರೂ ಇಲ್ಲ. ಅರ್ಧ ತಪ್ಪು ಅಲ್ಲಿಯೇ ನುಸುಳುತ್ತಿತ್ತು.

ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು ಕಾಗದಕ್ಕೆ ಒತ್ತಿದರೆ ಎಡ ಬಲ ಅದಲುಬದಲು. ಕನ್ನಡಿಯ ಹಾಗೆ. ಮರದ ಚಿತ್ರಕ್ಕೆ ಪರವಾಗಿಲ್ಲ. ಬಳ್ಳಿಗೆ ಆಗಲ್ಲ. ಬಲಕ್ಕೆ ಸುತ್ತುವ ಬಳ್ಳಿ ಎಡಕ್ಕೆ ಸುತ್ತಿಬಿಡುತ್ತದೆ. ರೆಂಬ್ರಾಂಟ್‌ನಂಥ ರೆಂಬ್ರಾಂಟ್ 1650ರಲ್ಲಿ ಸಮುದ್ರದ ಚಿಪ್ಪೊಂದನ್ನು ಕೊರೆದ. ಸಹಿಯನ್ನು ಜಾಣತನದಿಂದ ತಿರುಗಿಸಿ ಬರೆದ, ಕಾಗದದ ಮೇಲೆ ನೆಟ್ಟಗೆ ಬಂತು. ಚಿಪ್ಪನ್ನು ತಿರುಗಿಸಲಿಲ್ಲ. ಸುರುಳಿ ಉಲ್ಟಾ! ನಮ್ಮ ಕಡೆಯವರು ನೋಡಿದ್ದರೆ ಬಲಮುರಿ ಅಂತ ದೇವರ ಮನೆಯಲ್ಲಿ ಇಟ್ಟು ಹೂ ಹಾಕುತ್ತಿದ್ದರು.

ಕರಾವಳಿಯವನು ಅಂದ ಮೇಲೆ ಇನ್ನೊಂದು ಹೇಳಲೇಬೇಕು. ಡಚ್ಚರ ಕೊಚ್ಚಿಯ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ 12 ಸಂಪುಟದ 'ಹೋರ್ತುಸ್ ಮಲಬಾರಿಕುಸ್' ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು. 742 ಗಿಡಗಳು. ಗಿಡದ ಗುಣ ಹೇಳಿದವರು ಇಟ್ಟಿ ಅಚ್ಯುತನ್ ಅನ್ನುವ ಈಳವ ವೈದ್ಯರು. ಜೊತೆಗೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಅನ್ನುವ ಮೂವರು ಕೊಂಕಣಿಗರು. ಇವರು ಕೊಂಕಣಿಯಲ್ಲಿ, ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಮೊದಲ ಸಂಪುಟದಲ್ಲೇ ಅಚ್ಚಾಗಿದೆ. ಚಿತ್ರದ ಮೂಲೆಯಲ್ಲಿ ಗಿಡದ ಹೆಸರು ಲ್ಯಾಟಿನ್, ಮಲಯಾಳಂ, ಅರಬ್ಬಿ, ನಾಗರಿ ಲಿಪಿಗಳಲ್ಲಿ ಒಂದರ ಕೆಳಗೊಂದು. ಮಂಗಳೂರು, ಕಾರವಾರದ ಕೊಂಕಣಿ ಮನೆಗಳಲ್ಲಿ ಈ ಪುಟ ತೋರಿಸಿ ನೋಡಿ, ಅಜ್ಜಂದಿರು ಕನ್ನಡಕ ಹುಡುಕ್ತಾರೆ.

ಕಾಡುಸಂಪಿಗೆ

ಪಡುಗಡಲು ಹೇಳಿದ್ದಕ್ಕೆ ಒಂದು ಬಾಲಂಗೋಚಿ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಗಿಡಗಳಿಗೆ ಎರಡು ಪದದ ಹೆಸರಿಟ್ಟಾಗ, ನಮ್ಮ ಕಡೆಯ ಎಷ್ಟೋ ಗಿಡಗಳಿಗೆ ಅವನ ಆಧಾರ ಇದೇ ಪುಸ್ತಕ. ಅವನು ಭಾರತಕ್ಕೆ ಬಂದವನೇ ಅಲ್ಲ. ಅದರಲ್ಲಿ ಕೆಲವು ಹೆಸರುಗಳಿಗೆ ಇವತ್ತಿಗೂ ಒಣ ಗಿಡ ಅಲ್ಲ, ಆ ಚಿತ್ರವೇ ಮೂಲ ಮಾದರಿ. ಜಗಳ ಬಂದರೆ ಚಿತ್ರ ತೆಗೆದು ನೋಡಬೇಕು.

ಸುಮ್ನೆಓದುಗ

ಸರಿ, ಒಪ್ಪಿದೆ, ಗೋಡೆಯಿಂದ ಇಳಿಸ್ತೀನಿ. ಆದರೆ ಒಂದು ಪ್ರಶ್ನೆ. ಡಚ್ಚರು, ಇಂಗ್ಲಿಷರು ನಮ್ಮ ಹೂವಿನ ಅಂದಕ್ಕೆ ಮರುಳಾಗಿ ಇದೆಲ್ಲ ಮಾಡಿಸಿದರಾ? ಟಿಪ್ಪು ಬಿದ್ದ ಮರುವರ್ಷವೇ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ತನ್ನ ಡಾಕ್ಟರ್ ಬುಕಾನನ್‌ನನ್ನು ಮೈಸೂರು ಸೀಮೆ ಸುತ್ತಲು ಕಳಿಸಿದ್ದು ಯಾಕೆ? ಏನು ಬೆಳೆಯುತ್ತೆ, ಎಷ್ಟು ಸಿಗುತ್ತೆ ಅಂತ ಲೆಕ್ಕ ಹಾಕೋದಕ್ಕೆ. ತೇಗ, ಹತ್ತಿ, ಮೆಣಸು, ಔಷಧಿ. ಚಿತ್ರ ಬಿಡಿಸಿದ ನಮ್ಮವರ ಹೆಸರು ಎಲ್ಲಿದೆ?

ಕಾಡುಸಂಪಿಗೆ

ಪ್ರಶ್ನೆ ಸರಿಯಾಗಿದೆ. ಲಾಭಕ್ಕೇ ಮಾಡಿಸಿದ್ದು, ಅದರಲ್ಲಿ ಎರಡು ಮಾತಿಲ್ಲ. ಹೆಸರಿನ ವಿಷಯ ಮಾತ್ರ ಎಲ್ಲ ಕಡೆ ಒಂದೇ ಥರ ಇಲ್ಲ. ಎರಡು ಉದಾಹರಣೆ ಪಕ್ಕಪಕ್ಕ ಇಡ್ತೀನಿ.

ಮದ್ರಾಸಿನಲ್ಲಿ ರಾಬರ್ಟ್ ವೈಟ್ ಅನ್ನುವ ಸ್ಕಾಟ್ಲೆಂಡಿನ ಡಾಕ್ಟರ್ ಇದ್ದ. 1819ರಲ್ಲಿ ಬಂದವನು, 1853ರವರೆಗೆ ಇದ್ದ. ದಕ್ಷಿಣ ಭಾರತದ ಗಿಡಗಳ 2101 ಚಿತ್ರಫಲಕ ಅಚ್ಚು ಹಾಕಿಸಿದ. ಬಿಡಿಸಿದವರು ಮೊದಲು ರಂಗಯ್ಯ, ಆಮೇಲೆ ಗೋವಿಂದು. ಎಷ್ಟೋ ಫಲಕಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಅವರ ಹೆಸರಿದೆ. ಹೆಸರಿನ ಮುಂದೆ "ಡೆಲ್" ಅಂತ ಇರುತ್ತೆ, ಬಿಡಿಸಿದವರು ಅಂತ ಅರ್ಥ. ಲಂಡನ್ನಿನ ಕಲಾವಿದನಿಗೆ ಕೊಡುತ್ತಿದ್ದ ಮರ್ಯಾದೆಯೇ ಇದು. ವೈಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಒಂದು ಆರ್ಕಿಡ್‌ಗೆ, ಅಂದರೆ ನಮ್ಮ ಸೀತಾಳೆ ದಂಡೆಯ ಬಳಗದ ಗಿಡಕ್ಕೆ, ಗೋವಿಂದುವಿನ ಹೆಸರಿನಿಂದ 'ಗೋವಿಂದೂಯಾ' ಅಂತ ಕುಲನಾಮ ಇಟ್ಟ. ಆಮೇಲಿನವರು ಅದನ್ನು ಟ್ರಾಪಿಡಿಯಾ ಅನ್ನುವ ಹಳೇ ಕುಲಕ್ಕೆ ಸೇರಿಸಿದರು. ಗಿಡಶಾಸ್ತ್ರದಲ್ಲಿ ಇದು ದಿನಾ ನಡೆಯುವ ಕಥೆ. ಆದರೂ ಗೋವಿಂದುವಿನ ಹೆಸರು ಪಟ್ಟಿಯಲ್ಲಿ ಉಳಿದಿದೆ.

ಎರಡನೆಯದು ನಮ್ಮದೇ ಊರಿನದು. 1840ರ ದಶಕದಲ್ಲಿ ಹ್ಯೂ ಕ್ಲೆಗಾರ್ನ್ ಅನ್ನುವ ಡಾಕ್ಟರ್ ಮೈಸೂರು ಸೀಮೆಯ ನಗರ ವಿಭಾಗದಲ್ಲಿ, ಶಿವಮೊಗ್ಗದಲ್ಲಿ ಕೆಲಸಕ್ಕಿದ್ದ. ಆಮೇಲೆ ಮದ್ರಾಸ್ ಪ್ರಾಂತ್ಯದ ಅರಣ್ಯ ಇಲಾಖೆ ಕಟ್ಟಿದವನು ಇವನೇ. ಶಿವಮೊಗ್ಗದಲ್ಲಿ ಒಬ್ಬ ಮರಾಠಿ ಕಲಾವಿದನನ್ನು ಇಟ್ಟುಕೊಂಡು ಸುತ್ತಲಿನ ಗಿಡಗಳ ಚಿತ್ರ ಒಂದೊಂದಾಗಿ ಬರೆಸಿದ. ಆ ಹಾಳೆಗಳು ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ಬಿಡಿಸಿದವನ ಹೆಸರು ಯಾವ ಹಾಳೆಯ ಮೇಲೂ ಇಲ್ಲ. "ಮರಾಠಿ ಕಲಾವಿದ" ಅಷ್ಟೇ. ತುಂಗೆಯ ದಂಡೆಯಲ್ಲಿ ಕೂತು ದಿನಕ್ಕೊಂದು ಗಿಡ ಎದುರಿಗಿಟ್ಟುಕೊಂಡು ಬಿಡಿಸಿದ ಮನುಷ್ಯ. ಎಲೆಯ ಪ್ರತಿ ನರ ಉಳಿದಿದೆ, ಅವನ ಹೆಸರು ಉಳಿದಿಲ್ಲ.

ಹಳೇಪೆನ್ಸಿಲ್

ಇವರ ಕೈಯ ಬಗ್ಗೆ ಸ್ವಲ್ಪ ಹೇಳ್ತೀನಿ. ಇವರಲ್ಲಿ ಬಹಳ ಜನ ಆಸ್ಥಾನದ ಪುಟ್ಟ ಚಿತ್ರ ಬಿಡಿಸುವ ಮನೆತನಗಳಲ್ಲಿ ಕಲಿತವರು. ಅಳಿಲಿನ ಕೂದಲಿನ ಕುಂಚ. ಒಂದೇ ಕೂದಲ ತುದಿಯಲ್ಲಿ ರಾಜನ ಮೀಸೆ ಎಳೆದವರಿಗೆ ಎಲೆಯ ಮೇಲಿನ ರೋಮ ಯಾವ ಲೆಕ್ಕ? ಆದರೆ ಅವರು ರೂಢಿ ಮಾಡಿಕೊಂಡಿದ್ದು ದಪ್ಪ, ಮುಚ್ಚು ಬಣ್ಣ. ಕಂಪನಿಯವರಿಗೆ ಬೇಕಿದ್ದು ಕಾಗದ ಕಾಣುವಂಥ ತೆಳು ನೀರುಬಣ್ಣ. ಕಲಿತರು. ಪೂರ್ತಿ ಬದಲಾಗಲಿಲ್ಲ, ಅದೇ ಚಂದ. ಯುರೋಪಿನವರ ಚಿತ್ರದಲ್ಲಿ ಗಿಡ ಗಾಳಿಯಲ್ಲಿ ನಿಂತಿರುತ್ತೆ. ಇವರದ್ದರಲ್ಲಿ ಹಾಳೆಗೆ ಅಂಟಿಕೊಂಡು, ಅಂಚಿನಿಂದ ಅಂಚಿಗೆ ರಂಗೋಲಿಯ ಹಾಗೆ ಹರಡಿರುತ್ತೆ.

ಬಣ್ಣದ ಕಷ್ಟ ಇನ್ನೊಂದು. ಹೂವು ಸಂಜೆಗೆ ಬಾಡುತ್ತೆ, ಚಿತ್ರ ಮುಗಿಯಲು ವಾರ ಬೇಕು. ಫರ್ಡಿನಾಂಡ್ ಬೌವರ್ ಅನ್ನುವ ಆಸ್ಟ್ರಿಯಾದ ಕಲಾವಿದ ಇದಕ್ಕೊಂದು ಉಪಾಯ ಮಾಡಿದ್ದ. 1801ರಲ್ಲಿ ಆಸ್ಟ್ರೇಲಿಯಾ ಸುತ್ತಲು ಹೊರಟ ಹಡಗಿನಲ್ಲಿ ಇದ್ದವನು. ಗಿಡ ಸಿಕ್ಕ ಕೂಡಲೇ ಪೆನ್ಸಿಲ್ ಗೆರೆ ಎಳೆದು, ಒಂದೊಂದು ಭಾಗದ ಮೇಲೆ ಒಂದೊಂದು ಅಂಕಿ ಬರೆಯುತ್ತಿದ್ದ. ಒಂದು ಅಂಕಿಗೆ ಒಂದು ಬಣ್ಣ. ಹತ್ತಿರ ಹತ್ತಿರ ಸಾವಿರ ಬಣ್ಣಗಳು, ಹಸಿರೇ ನೂರಾರು ಥರ. ವರ್ಷಗಳ ಮೇಲೆ ಇಂಗ್ಲೆಂಡಿನಲ್ಲಿ ಕೂತು ಅಂಕಿ ನೋಡಿ ಬಣ್ಣ ತುಂಬುತ್ತಿದ್ದ. ಆ ಬಣ್ಣ ಇವತ್ತಿಗೂ ಸರಿಯಾಗಿದೆ ಅಂತ ಗಿಡ ತಿಳಿದವರು ಹೇಳ್ತಾರೆ. ನನಗೆ ಪೇಂಟ್ ಅಂಗಡಿಯಲ್ಲಿ ಗೋಡೆಗೆ ಬಣ್ಣ ಆರಿಸುವಾಗಲೇ ತಲೆ ತಿರುಗುತ್ತೆ.

ಗುಬ್ಬಿಗೂಡು

ಲಾಲ್‌ಬಾಗ್ ಹತ್ತಿರ ಮನೆ. ಇಷ್ಟು ಹೊತ್ತಾದರೂ ಚೆಲುವಯ್ಯ ರಾಜು ಹೆಸರು ಯಾರೂ ಎತ್ತಲಿಲ್ಲ ಅಂತ ಬರೀತಿದ್ದೀನಿ. ಜಾನ್ ಕ್ಯಾಮೆರಾನ್ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ತೋಟದ ಗಿಡಗಳನ್ನು ನೀರುಬಣ್ಣದಲ್ಲಿ ಬಿಡಿಸಿದ ಕಲಾವಿದ. ನಾವು ದಿನಾ ವಾಕಿಂಗ್ ಹೋಗುವ ಜಾಗದಲ್ಲಿ ಒಬ್ಬರು ಸಂಬಳಕ್ಕೆ ಕೂತು ಹಣ್ಣು, ಹೂವು, ತರಕಾರಿ ಬಿಡಿಸುತ್ತಿದ್ದರು ಅಂದರೆ ಮಜಾ ಅನಿಸಲ್ವಾ? ಆಗಸ್ಟ್ 15ರ ಫಲಪುಷ್ಪ ಪ್ರದರ್ಶನಕ್ಕೆ ಸಾಲು ನಿಲ್ಲುವವರಲ್ಲಿ ನೂರಕ್ಕೆ ಒಬ್ಬರಿಗೂ ಈ ಹೆಸರು ಗೊತ್ತಿರಲಿಕ್ಕಿಲ್ಲ.

ಹಕ್ಕಿಗಳ ಕಡೆಯಿಂದ ಒಂದು ಮಾತು. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಚಿತ್ರ ಅಂತ ನಂಬಿರುವ ಒಂದು ಹಾಳೆಯಲ್ಲಿ ಡೋಡೋ ಇದೆ. ಸುಮಾರು 1625ರದ್ದು. ಡೋಡೋ ಆ ಶತಮಾನ ಮುಗಿಯುವ ಮೊದಲೇ ಅಳಿದು ಹೋಯಿತು. ಯುರೋಪಿನ ಎಷ್ಟೋ ಚಿತ್ರಗಳಲ್ಲಿ ಅದು ಉಬ್ಬಿದ ಬಾತುಕೋಳಿ. ಮನ್ಸೂರ್ ಹಕ್ಕಿಗೆ ಮೈಕಟ್ಟು ಇದೆ, ನಿಂತ ನಿಲುವು ಇದೆ. ಜೀವಂತ ಹಕ್ಕಿ ಎದುರಿಗಿಟ್ಟು ಬಿಡಿಸಿದ ಕೆಲವೇ ಬಣ್ಣದ ಚಿತ್ರಗಳಲ್ಲಿ ಅದೂ ಒಂದು ಅಂತಾರೆ. ಈಗ ಹೋಗಿ ಫೋಟೋ ತೆಗೀರಿ ನೋಡೋಣ!

ಪಡುಗಡಲು

ಕಲ್ಲಚ್ಚು ಮರೆತಿದ್ದೆ. ವೈಟ್ 2101 ಫಲಕ ಮಾಡಲು ಆಗಿದ್ದೇ ಅದರಿಂದ. ನುಣುಪು ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಸೀಮೆಸುಣ್ಣದಲ್ಲಿ ಬಿಡಿಸಬೇಕು. ಕಲ್ಲಿಗೆ ನೀರು ಸವರಬೇಕು. ಜಿಡ್ಡಿದ್ದ ಕಡೆ ನೀರು ನಿಲ್ಲಲ್ಲ. ಆಮೇಲೆ ಶಾಯಿ ಉರುಳಿಸಿದರೆ ಅದು ಜಿಡ್ಡಿಗೆ ಮಾತ್ರ ಹತ್ತುತ್ತೆ. ತಾಮ್ರ ಕೊರೆಯುವಷ್ಟು ಖರ್ಚಿಲ್ಲ, ಸಮಯಾನೂ ಉಳಿತಾಯ. 1843ರಲ್ಲಿ ಮಂಗಳೂರು ಸಮಾಚಾರ, ಅಂದರೆ ಕನ್ನಡದ ಮೊದಲ ಪತ್ರಿಕೆ, ಶುರುವಾಗಿದ್ದೂ ಇದೇ ಕಲ್ಲಚ್ಚಿನಲ್ಲಿ.

ಅದೇ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದವರು 1862ರಲ್ಲಿ ಇನ್ನೂ ಒಂದು ತಮಾಷೆ ಮಾಡಿದರು. ಬಿಡಿಸುವ ಕೈಯೇ ಬೇಡ ಅಂತ, ತಾಜಾ ಎಲೆಗೇ ಬಣ್ಣ ಹಚ್ಚಿ ಕಾಗದಕ್ಕೆ ಒತ್ತಿ ದಕ್ಷಿಣ ಭಾರತದ ಗಿಡಗಳ ಪುಸ್ತಕ ತಂದರು. ನಾವು ಚಿಕ್ಕವರಿದ್ದಾಗ ಅರಳಿ ಎಲೆಗೆ ಇಂಕು ಬಳಿದು ನೋಟ್‌ಬುಕ್ಕಿಗೆ ಒತ್ತುತ್ತಿದ್ದೆವಲ್ಲ, ಅದೇ. ಎಲೆ ನರ ಅದ್ಭುತವಾಗಿ ಬರುತ್ತೆ. ದಪ್ಪ ಹೂವು ಮಾತ್ರ ಜಜ್ಜಿ ಹೋಗುತ್ತೆ.

ಸುಮ್ನೆಓದುಗ

ಕೈಗೆ ಇಷ್ಟೆಲ್ಲ ಸ್ವಾತಂತ್ರ್ಯ ಕೊಟ್ಟರೆ ಅದು ಸುಳ್ಳೂ ಹೇಳುತ್ತೆ ಅಲ್ವಾ? "ಹುಳ ತಿಂದದ್ದನ್ನು ಬಿಟ್ಟು" ಅಂದಿರಿ. ಏನು ಬಿಡಬೇಕು ಅಂತ ತೀರ್ಮಾನ ಮಾಡುವವರು ಯಾರು? ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಹೇಕೆಲ್ ನೋಡಿ. 1868ರಲ್ಲಿ ನಾಯಿ, ಕೋಳಿ, ಆಮೆ ಭ್ರೂಣಗಳು ಮೊದಮೊದಲು ಒಂದೇ ಥರ ಇರುತ್ತವೆ ಅಂತ ತೋರಿಸಲು ಮೂರು ಚಿತ್ರ ಹಾಕಿದ. ಮೂರೂ ಒಂದೇ ಅಚ್ಚು! ಸಿಕ್ಕಿಬಿದ್ದ. ಆಮೇಲಿನ ಆವೃತ್ತಿಯಲ್ಲಿ ತೆಗೆದ.

ಕಾಡುಸಂಪಿಗೆ

ಹೌದು, ಹೇಕೆಲ್ ಎಚ್ಚರಿಕೆಯ ಗಂಟೆ. ಅವನ ಕೈ ಅಸಾಧ್ಯ ಕೈ. ಸಮುದ್ರದ ಸಣ್ಣ ಜೀವಿಗಳ ಚಿತ್ರ ನೋಡಿದರೆ ಕಣ್ಣು ಕೀಳಲು ಆಗಲ್ಲ. ಆದರೆ ಅವನಿಗೆ ಕಣ್ಣಿಗಿಂತ ಮೊದಲು ಸಿದ್ಧಾಂತ ಕಾಣುತ್ತಿತ್ತು. ಅದಕ್ಕೇ ನಾವು ಚಿತ್ರದ ಕೆಳಗೆ ಯಾವ ಮಾದರಿ ನೋಡಿ ಬಿಡಿಸಿದ್ದು, ಅದು ಯಾವ ಸಂಗ್ರಹದಲ್ಲಿದೆ, ಅಳತೆ ಎಷ್ಟು ಅಂತ ಬರೆಯುತ್ತೇವೆ. ಅನುಮಾನ ಬಂದವರು ಹೋಗಿ ತಾಳೆ ನೋಡಲಿ ಅಂತ. ಅಳತೆ ಗೆರೆ ಇಲ್ಲದ ಚಿತ್ರ ನಾನು ನಂಬಲ್ಲ.

ಮತ್ತೆ, ಸುಳ್ಳು ಹೇಳಲು ಕೈಯೇ ಬೇಕಾಗಿಲ್ಲ. 2024ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಎಐ ತಯಾರಿಸಿದ ಇಲಿಯ ಚಿತ್ರ ಅಚ್ಚಾಯಿತು. ಅಂಗಾಂಗ ಎಲ್ಲ ಅಸಂಬದ್ಧ, ಪಕ್ಕದಲ್ಲಿ ಬರೆದ ಹೆಸರುಗಳಿಗೆ ಅರ್ಥವೇ ಇಲ್ಲ. ಜನ ನಕ್ಕ ಮೇಲೆ ಲೇಖನ ವಾಪಸ್ ತೆಗೆದುಕೊಂಡರು. ಡ್ಯೂರರ್ ಕಡೇಪಕ್ಷ ಒಂದು ಪತ್ರ ಓದಿದ್ದ.

ತುಂಬೆಹೂ

ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಮಗಳಿಗೆ ಘೇಂಡಾಮೃಗದ ಕಥೆ ಹೇಳಿದೆ. ನಕ್ಕಳು. ಜೇಡದ ಕಥೆಗೆ "ಯಾಕ್ ಅಮ್ಮಾ" ಅಂದಳು.

ಭಾನುವಾರ ಬೆಳಿಗ್ಗೆ ಗೇಟಿನ ಪಕ್ಕದ ದಾಸವಾಳ ಕಿತ್ತು ತಂದು ಊಟದ ಮೇಜಿನ ಮೇಲೆ ಕೂತೆವು. ಪುಸ್ತಕ ಮುಚ್ಚಿಸಿದೆ. ಅವಳು ಬ್ಲೇಡಿನಲ್ಲಿ ಮೆಲ್ಲಗೆ ಸೀಳಿದಳು. ನಾನು ಇಷ್ಟು ವರ್ಷ ದೇವರಿಗೆ ದಾಸವಾಳ ಏರಿಸಿದ್ದೇನೆ, ಆ ಮಧ್ಯದ ಕಡ್ಡಿ ಒಂದೇ ಕಡ್ಡಿ ಅಂದುಕೊಂಡಿದ್ದೆ. ಅದು ಕೊಳವೆ! ಹೊರಗೆಲ್ಲ ಕೇಸರ ಅಂಟಿಕೊಂಡ ಕೊಳವೆ, ಅದರ ಒಳಗೆ ಇನ್ನೊಂದು ತೆಳು ದಾರ, ಕೆಳಗೆ ಅಂಡಾಶಯದಿಂದ ಹೊರಟು ಕೊಳವೆಯೊಳಗೇ ತೂರಿಕೊಂಡು ಮೇಲೆ ಬಂದು ಐದಾಗಿ ಕವಲೊಡೆಯುತ್ತೆ. ತುದಿಯಲ್ಲಿ ಐದು ಕೆಂಪು ಗುಂಡಿ. ಹೊರಗಿನ ಹಸಿರು ಬಟ್ಟಲಿನ ಕೆಳಗೆ ಇನ್ನೊಂದು ಸುತ್ತು ಸಣ್ಣ ಹಸಿರು ಎಳೆಗಳು ಬೇರೆ. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ನೋಡಿದೆವು. ಅವಳು ಮೂರು ಸಲ ಒರೆಸಿ ನಾಲ್ಕನೇ ಸಲ ಬಿಡಿಸಿದಳು. ಮಧ್ಯಾಹ್ನಕ್ಕೆ ಹೂವು ಮುದುಡಿತು, ಎದ್ದು ಹೋಗಿ ಇನ್ನೊಂದು ಕಿತ್ತು ತಂದಳು. ನಾನು ಹೇಳಿರಲಿಲ್ಲ.

ಈಗ ಒಂದು ತಕರಾರು. ಎರಡನೇ ಹೂವಿನ ಕೊಳವೆಯ ಮೇಲೆ ಒಂದು ಸಣ್ಣ ಕೆಂಪಿರುವೆ ಓಡಾಡುತ್ತಿತ್ತು. ಅದನ್ನೂ ಬಿಡಿಸ್ತೀನಿ ಅಂತಿದ್ದಾಳೆ. ರೆಕಾರ್ಡಿನಲ್ಲಿ ಇರುವೆ ಇದ್ದರೆ ಮಾರ್ಕ್ಸ್ ಕಟ್ ಮಾಡ್ತಾರಾ?

ಚಿಟ್ಟೆಬಲೆ

ರೆಕಾರ್ಡಿಗೆ ಒಂದು, ನಿಮಗೆ ಒಂದು ಬಿಡಿಸಲಿ. ನಿಮ್ಮದರಲ್ಲಿ ಇರುವೆ ಇರಲಿ. ಆರೂ ಕಾಲು ನಡುಮೈಯಿಂದಲೇ ಹೊರಡಬೇಕು, ಹೊಟ್ಟೆಯಿಂದ ಅಲ್ಲ. ಬಿಡಿಸುವ ಮೊದಲು ಒಂದನ್ನು ಹಿಡಿದು ನೋಡೋಕೆ ಹೇಳಿ. ಕಚ್ಚಿದರೆ ನನ್ನನ್ನು ಬೈಬೇಡಿ.